ಜೀವನಾಂಶದ ಆದೇಶ ಸಿಕ್ತು, ದುಡ್ಡು ಯಾವಾಗ ಸಿಗುತ್ತೆ?

2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಟೆಕ್ಕಿಯೊಬ್ಬರ ಆತ್ಮಹತ್ಯೆ ನಂತರ ಜೀವನಾಂಶದ ಕಾನೂನು ಬದಲಾಗಬೇಕು ಎಂಬ ಕೂಗು ಜೋರಾಯ್ತು. ಚರ್ಚೆಯೆಲ್ಲಾ ಎಷ್ಟು ಲಕ್ಷ ಕೇಳಿದ್ರು ಅನ್ನೋದರ ಸುತ್ತಲೇ. ಆದರೆ ನಮ್ಮಂಥ ತಾಲ್ಲೂಕುಗಳಲ್ಲಿ ದೊಡ್ಡ ಪ್ರಶ್ನೆ ಮೊತ್ತದ್ದಲ್ಲ, ವಸೂಲಿಯದ್ದು.

ಹಳೆಯ ಸಿಆರ್‌ಪಿಸಿ 125ನೇ ಕಲಂ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 144 ಆಗಿದೆ. ನಂಬರ್ ಬದಲಾಯ್ತು, ಒಳಗಿನ ವಿಷಯ ಹೆಚ್ಚುಕಡಿಮೆ ಅದೇ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ 'ಸಾಧ್ಯವಾದಷ್ಟು ಮಟ್ಟಿಗೆ' ಮುಗಿಸಬೇಕು ಅಂತಿದೆ. ಆ 'ಸಾಧ್ಯವಾದಷ್ಟು' ಅನ್ನೋ ಮಾತಿನಲ್ಲೇ ತಿಂಗಳುಗಳು ಕಳೆದುಹೋಗ್ತವೆ.

ಇನ್ನು ಆದಾಯದ ಲೆಕ್ಕ. ಸರ್ಕಾರಿ ನೌಕರರಿಗೆ ಸಂಬಳದ ಚೀಟಿ ಇರುತ್ತೆ. ಅಂಗಡಿ, ದಲ್ಲಾಳಿ ವ್ಯಾಪಾರ, ಟ್ರ್ಯಾಕ್ಟರ್ ಬಾಡಿಗೆ ದುಡ್ಡಿಗೆ ದಾಖಲೆ ಎಲ್ಲಿ? ಇದಕ್ಕೇ 2020ರ ರಜನೀಶ್-ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಂಡ-ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಕೊಡಬೇಕು ಎಂದಿತು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಕೊಡಿಸಬೇಕು ಎಂದೂ ಹೇಳಿತು.

ಆದೇಶ ಬಂದ ಮೇಲೂ ಕಟ್ಟದಿದ್ರೆ? ವಾರಂಟ್ ಹೊರಡಿಸಬಹುದು, ಜೈಲಿಗೂ ಕಳಿಸಬಹುದು. ಜೈಲಿಗೆ ಹೋಗಿ ಬಂದ್ರೆ ಬಾಕಿ ತೀರಿತು ಅಂತಲ್ಲ. 1988ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಆದರೆ ಈ ವಾರಂಟಿಗೆ, ಹಣ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅಂದ್ರೆ ಕೊಡದವನು ಮನೆಯಲ್ಲಿರ್ತಾನೆ, ಬರಬೇಕಾದ ಹಣಕ್ಕೆ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಕೋರ್ಟಿಗೆ ಅಲೆಯೋದು ಹೆಣ್ಣುಮಗಳು.

ಗಂಡಸರ ದೂರನ್ನೂ ತಳ್ಳಿಹಾಕೋ ಹಾಗಿಲ್ಲ. ವ್ಯಾಪಾರ ಮುಳುಗಿದ್ರೆ, ಹೆಂಡತಿಗೆ ಕೆಲಸ ಸಿಕ್ಕಿದ್ರೆ, ಮೊತ್ತ ಬದಲಿಸಿ ಅಂತ ಬಿಎನ್‌ಎಸ್‌ಎಸ್ 146ರಡಿ ಕೇಳಬಹುದು. ಹಿಂದೂ ವಿವಾಹ ಕಾಯ್ದೆಯ 24, 25ನೇ ಕಲಂನಲ್ಲಿ ಗಂಡನೂ ಜೀವನಾಂಶ ಕೇಳಲು ಅವಕಾಶವಿದೆ. ಕಟ್ಟೋದನ್ನ ಸುಮ್ಮನೆ ನಿಲ್ಲಿಸೋದು ಮಾತ್ರ ದಾರಿಯಲ್ಲ. ಬಾಕಿ ಬೆಳೀತಾ ಹೋಗುತ್ತೆ.

ಹಾಗಾಗಿ ಸುಧಾರಣೆ ಅಂದ್ರೆ ಮೊತ್ತಕ್ಕೆ ಮಿತಿ ಹಾಕೋದಷ್ಟೇ ಆಗಬಾರದು. 60 ದಿನದ ಗಡುವು ಗಟ್ಟಿಯಾಗಲಿ. ಸುಳ್ಳು ಅಫಿಡವಿಟ್ ಕೊಟ್ಟವರು ಯಾರೇ ಆಗಲಿ, ಶಿಕ್ಷೆಯಾಗಲಿ. ಬಾಕಿ ವಸೂಲಿಯ ಹೊಣೆಯನ್ನು ಕೋರ್ಟೇ ಹೊರಲಿ, ಹಣ ನೇರ ಬ್ಯಾಂಕ್ ಖಾತೆಗೆ ಬರಲಿ.

ಅಲ್ಲಿಯವರೆಗೆ ಒಂದು ವಿಷಯ ನೆನಪಿರಲಿ: ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ಸಿಗುತ್ತೆ. ಬಾಕಿ ಇದ್ದರೆ ವರ್ಷ ಕಳೆಯುವ ಮುಂಚೆ ಹೋಗಿ ಕೇಳಿ.