ಸನ್ಯಾಸಿ ಏಡಿಯ ಆಯುಷ್ಯದ ಲೆಕ್ಕ

ಅಮೆರಿಕದ ಪೂರ್ವ ಕರಾವಳಿಯಲ್ಲಿ, ವಿಶೇಷವಾಗಿ ನ್ಯೂಜೆರ್ಸಿ ಮತ್ತು ಮೇರಿಲ್ಯಾಂಡ್ ರಾಜ್ಯಗಳ ಕಡಲದಂಡೆಯ ಅಂಗಡಿಸಾಲುಗಳಲ್ಲಿ, ಬೇಸಿಗೆ ಬಂತೆಂದರೆ ಟೋಪಿ, ಮಿಠಾಯಿ, ಆಟಿಕೆಗಳ ನಡುವೆ ಒಂದು ಜೀವಂತ ಪ್ರಾಣಿಯೂ ಮಾರಾಟಕ್ಕೆ ಬರುತ್ತದೆ. ಅದು ಸನ್ಯಾಸಿ ಏಡಿ. ಬೆನ್ನಿನ ಶಂಖಕ್ಕೆ ಕೆಂಪು, ನೀಲಿ ಬಣ್ಣ ಬಳಿದು, ಕೆಲವೊಮ್ಮೆ ಅದರ ಮೇಲೆ ಗೊಂಬೆಯ ಮುಖವನ್ನೂ ಬರೆದು, ತಂತಿಯ ಪುಟ್ಟ ಪಂಜರದಲ್ಲಿ ಇಟ್ಟಿರುತ್ತಾರೆ. ಪಂಜರ ಕೊಂಡವರಿಗೆ ಏಡಿ ಉಚಿತ ಎಂದು ಫಲಕ ಹಾಕುವ ಅಂಗಡಿಗಳೂ ಉಂಟು. ಇದು ಎಷ್ಟು ಕಾಲ ಬದುಕುತ್ತದೆ ಎಂದು ಗಿರಾಕಿಯು ಕೇಳಿದರೆ, ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ ಎಂಬ ಉತ್ತರ ಬರುತ್ತದೆ. ಮನೆಗೆ ಹೋದ ಏಡಿಯೂ ಸಾಮಾನ್ಯವಾಗಿ ಅಷ್ಟರಲ್ಲಿಯೇ ಸಾಯುತ್ತದೆ. ಆದುದರಿಂದ ಅಂಗಡಿಯವನು ನಿಜವನ್ನೇ ನುಡಿದನೆಂದು ಎಲ್ಲರೂ ತಿಳಿಯುತ್ತಾರೆ.

ಅದು ನಿಜವಲ್ಲ, ನಿಜದ ವೇಷ ತೊಟ್ಟ ಸುಳ್ಳು ಎಂಬುದೇ ಈ ಲೇಖನದ ವಾದ. ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಇಂದು ಆ ದೇಶದಲ್ಲಿ ನೆಲೆಸಿದ್ದಾರೆ. ನಾಯಿಯಂತೆ ಬೊಗಳದ, ಬೆಕ್ಕಿನಂತೆ ಇಲಿ ಹಿಡಿಯದ, ಅಂಗೈಯಗಲದ ಈ ಜೀವಿಯು ಶ್ರಾವಕರ ಮನೆಗೆ ಒಪ್ಪುವ ಸಾಕುಪ್ರಾಣಿಯೆಂದು ಅವರಲ್ಲಿ ಯಾರಿಗಾದರೂ ತೋರಿದರೆ ಆಶ್ಚರ್ಯವಿಲ್ಲ. ಆದ ಕಾರಣ ವಿಷಯವು ದೂರದ್ದೆಂದು ಓದುಗರು ಪುಟ ತಿರುವಬಾರದಾಗಿ ಕೋರುತ್ತೇನೆ.

ನಾನು ಜೀವಶಾಸ್ತ್ರಜ್ಞನಲ್ಲ. ಲೆಕ್ಕಪತ್ರವನ್ನು ಓದಿ, ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯ ಕಳೆದವನು. ಖಾತೆಯ ಪುಟದಲ್ಲಿ ಮೊದಲು ಬರೆಯಬೇಕಾದದ್ದು ಆರಂಭದ ಶಿಲ್ಕು. ಅದನ್ನು ಬಿಟ್ಟು ತೆಗೆದ ಒಟ್ಟು ಮೊತ್ತ ಎಷ್ಟೇ ಸರಿಯಾಗಿ ಕೂಡಿದ್ದರೂ ಸುಳ್ಳು ಲೆಕ್ಕವೇ. ಏಡಿಯ ವಿಷಯದಲ್ಲಿ ಆಗಿರುವುದು ಇದೇ. ಅಂಗಡಿಗೆ ಬಂದ ದಿನ ಅದರ ವಯಸ್ಸು ಎಷ್ಟು? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಹೆಚ್ಚಾಗಿ ಮಾರಾಟವಾಗುವ ಜಾತಿಗೆ ಕೊಯೆನೋಬೈಟಾ ಕ್ಲೈಪಿಯಾಟಸ್ ಎಂದು ಶಾಸ್ತ್ರೀಯ ಹೆಸರು. ಕೆರಿಬಿಯನ್ ದ್ವೀಪಗಳ ದಂಡೆ ಅದರ ತವರು. ತಾಯಿ ಏಡಿ ನೆಲದ ಮೇಲೆ ವಾಸಿಸಿದರೂ ಮೊಟ್ಟೆಗಳನ್ನು ಕಡಲಿಗೇ ಒಪ್ಪಿಸಬೇಕು. ಮರಿಯು ಕೆಲವು ವಾರಗಳ ಕಾಲ ನೀರಿನಲ್ಲಿ ತೇಲುತ್ತ, ಒಂದಾದ ಮೇಲೊಂದು ರೂಪ ಬದಲಿಸುತ್ತ, ಕೊನೆಗೆ ಬಸವನಹುಳುವಿನ ಕಿರಿದಾದ ಚಿಪ್ಪೊಂದನ್ನು ಹುಡುಕಿ ಹೊಕ್ಕು ದಡವೇರುತ್ತದೆ. ಪಂಜರದಲ್ಲಿ ಈ ಕ್ರಮವು ನಡೆಯದು. ಇತ್ತೀಚಿನ ವರ್ಷಗಳಲ್ಲಿ ಕೆಲವೇ ಹವ್ಯಾಸಿಗಳು ಬಹಳ ಶ್ರಮಪಟ್ಟು ಅಲ್ಪಸ್ವಲ್ಪ ಮರಿಗಳನ್ನು ದಡಕ್ಕೆ ಹತ್ತಿಸಿದ್ದುಂಟು. ಅದು ವ್ಯಾಪಾರಕ್ಕೆ ಒದಗುವಷ್ಟಲ್ಲ. ಎಂದರೆ ಅಂಗಡಿಯಲ್ಲಿ ಕಾಣುವ ಏಡಿ ದಂಡೆಯಿಂದ ಆರಿಸಿ ತಂದದ್ದು. ಅದು ನಿಧಾನವಾಗಿ ಬೆಳೆಯುವ ಪ್ರಾಣಿ. ನಿಂಬೆಹಣ್ಣಿನ ಗಾತ್ರದ ಏಡಿ ಕೈಗೆ ಬಂದಿತೆಂದರೆ ಅದು ಆಗಲೇ ಹಲವು ಮಳೆಗಾಲಗಳನ್ನು ಕಂಡಿರುತ್ತದೆ. ಮೈಯ ಗಟ್ಟಿ ಭಾಗವನ್ನೆಲ್ಲ ಕಾಲಕಾಲಕ್ಕೆ ಕಳಚಿ ಹೊಸದಾಗಿ ಕಟ್ಟಿಕೊಳ್ಳುವುದರಿಂದ ಮರದ ಬಳೆಗಳಂತೆ ಎಣಿಸಲು ಗುರುತೊಂದೂ ಉಳಿಯದು. ವಯಸ್ಸು ಗೊತ್ತಿಲ್ಲದ ಪ್ರಾಣಿಯನ್ನು ತಂದು, ಅದು ಸತ್ತ ದಿನದಿಂದ ತಂದ ದಿನವನ್ನು ಕಳೆದು, ಉಳಿದುದನ್ನು ಆಯುಷ್ಯವೆಂದು ಕರೆಯುವುದು ಯಾವ ಗಣಿತ?

ಸರಿಯಾಗಿ ನೋಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನವಿದೆ. ಫ್ಲಾರಿಡಾದ ಮಹಿಳೆಯೊಬ್ಬರು 1970ರ ದಶಕದಲ್ಲಿ ಕೊಂಡು ತಂದ ಏಡಿಯೊಂದು ಅವರ ಮನೆಯಲ್ಲಿ ನಾಲ್ಕು ದಶಕಗಳಿಗೂ ಮೀರಿ ಬದುಕಿತು. ಆರಂಭದ ಶಿಲ್ಕನ್ನು ಅದಕ್ಕೆ ಕೂಡಿಸಿಕೊಳ್ಳಿರಿ. ಒಂದು ಕಡೆ ನಲವತ್ತು ವರ್ಷ, ಇನ್ನೊಂದು ಕಡೆ ಆರು ತಿಂಗಳು. ಈ ಅಂತರವನ್ನು ಆಯುಷ್ಕರ್ಮದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರು ಕರ್ಮಸಿದ್ಧಾಂತವನ್ನು ಓದಿದವರಲ್ಲ. ಅಕಾಲಮರಣಕ್ಕೆ ನಿಮಿತ್ತಗಳುಂಟೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ; ನಿಮಿತ್ತವಾದವನು ಹೊಣೆಯಿಂದ ಪಾರಾಗಲಾರನು.

ಆ ನಿಮಿತ್ತ ಯಾವುದೆಂದು ನೋಡೋಣ. ನೆಲದ ಮೇಲೆ ಓಡಾಡಿದರೂ ಈ ಏಡಿ ಉಸಿರಾಡುವುದು ಮಾರ್ಪಾಡಾದ ಕಿವಿರುಗಳಿಂದ ಮತ್ತು ಶಂಖದೊಳಗಿನ ತೇವದ ಬಲದಿಂದ. ಗಾಳಿಯಲ್ಲಿ ಶೇಕಡಾ 80ರ ಸುಮಾರಿಗೆ ತೇವಾಂಶವಿರಬೇಕು. ತಂತಿಯ ಪಂಜರದಲ್ಲಿ ತೇವ ಹೇಗೆ ನಿಂತೀತು? ಚಳಿಗಾಲದಲ್ಲಿ ಹೀಟರ್ ಹಾಕಿದ ಅಮೆರಿಕದ ಮನೆಯ ಗಾಳಿ ಇನ್ನಷ್ಟು ಒಣಗಿರುತ್ತದೆ. ಕಿವಿರು ಒಣಗುತ್ತ ಹೋದಂತೆ ಏಡಿ ಉಸಿರುಗಟ್ಟಿ ಸಾಯುತ್ತದೆ. ಒಂದು ಗಳಿಗೆಯಲ್ಲಿ ಅಲ್ಲ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಕೂಗಲು ಅದಕ್ಕೆ ಕಂಠವಿಲ್ಲ. ಮೊದಲು ಓಡಾಟ ಕಡಿಮೆಯಾಗುತ್ತದೆ. ಮನೆಯವರು, ಪಾಪ, ಇದು ನಾಚಿಕೆಯ ಸ್ವಭಾವದ್ದು ಎನ್ನುತ್ತಾರೆ. ಅಂಗಡಿಯವನು ಹೇಳುವ ಆ ಕೆಲವು ತಿಂಗಳು ಬದುಕಿನ ಅವಧಿಯಲ್ಲ. ಅದು ಸಾಯಲು ಹಿಡಿಯುವ ಅವಧಿ. ಜಲ್ಲಿಯ ಮೇಲಿಟ್ಟ ಏಡಿಯ ಪಾಡು ಮತ್ತೊಂದು ಬಗೆಯದು. ಪೊರೆ ಕಳಚುವ ಕಾಲ ಬಂದಾಗ ಅದು ತೇವದ ಮರಳಿನಲ್ಲಿ ಆಳವಾಗಿ ಹೂತುಕೊಳ್ಳಬೇಕು. ಕತ್ತಲಲ್ಲಿ ಹಳೆಯ ಕವಚವನ್ನು ಬಿಟ್ಟು, ಅದನ್ನೇ ತಿಂದು, ಹೊಸ ಕವಚ ಗಟ್ಟಿಯಾಗುವವರೆಗೆ ಅಲ್ಲಿಯೇ ಇರಬೇಕು. ಹೂತುಕೊಳ್ಳಲು ಜಾಗವಿಲ್ಲದೆ ಬಯಲಿನಲ್ಲಿ ಪೊರೆ ಬಿಟ್ಟರೆ ಮೆತ್ತಗಿನ ಮೈಯನ್ನು ಜೊತೆಯ ಏಡಿಗಳೇ ಕಡಿದು ತಿನ್ನುವುದುಂಟು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಾಠಶಾಲೆಯ ಮಕ್ಕಳಿಗೂ ಇವು ಬಾಯಿಪಾಠ. ಎತ್ತು, ಕುದುರೆಗಳಿಗೆ ಹೇಳಿದ ಮಾತು ಇದೆಂದು ನಾವು ಭಾವಿಸಿಕೊಂಡಿದ್ದೇವೆ. ಬಂಧವೆಂದರೆ ಹಗ್ಗವಷ್ಟೇ ಅಲ್ಲ. ಜೀವಿಯು ಹೋಗಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧ. ರಾತ್ರಿಯೆಲ್ಲ ದಂಡೆಯುದ್ದಕ್ಕೂ ಅಲೆಯುವ ಜೀವಿಗೆ ಒಂದು ಗೇಣು ಪಂಜರ ಬೇರೇನಾದೀತು? ಛೇದವೂ ಇಲ್ಲಿದೆ. ಯಾರೂ ಕತ್ತಿ ಎತ್ತುವುದಿಲ್ಲ, ನಿಜ. ಸಂಕಟ ಮಿತಿಮೀರಿದಾಗ ಏಡಿಯು ತನ್ನ ಕಾಲುಗಳನ್ನು ತಾನೇ ಒಂದೊಂದಾಗಿ ಕಳಚಿ ಚೆಲ್ಲುತ್ತದೆ. ಅನ್ನಪಾನನಿರೋಧವಂತೂ ನಮ್ಮ ಮನೆಗಳಿಗೇ ಹೇಳಿ ಬರೆದಂತಿದೆ. ಈ ಪ್ರಾಣಿಗೆ ಕುಡಿಯಲು ಸಿಹಿನೀರೂ ಬೇಕು, ಉಪ್ಪುನೀರೂ ಬೇಕು. ನಲ್ಲಿಯ ಕ್ಲೋರಿನ್ ನೀರು ಒಳ್ಳೆಯದಲ್ಲ. ಆಹಾರದಲ್ಲಿ ಉದುರಿದ ಹಣ್ಣು, ಕೊಳೆತ ಎಲೆಯ ಜೊತೆಗೆ ದಡಕ್ಕೆ ಬಿದ್ದ ಸತ್ತ ಮೀನೂ ಸೇರಿದೆ. ಅದು ಅದರ ಪ್ರಕೃತಿ, ಅದಕ್ಕೆ ದೋಷವಿಲ್ಲ. ಆದರೆ ಶ್ರಾವಕನು ಅದನ್ನು ಮನೆಗೆ ತಂದನೆಂದರೆ ಮೀನು, ಸಿಗಡಿ ಒದಗಿಸಿ ಒಂದು ಹಿಂಸೆ ಮಾಡಬೇಕು, ಇಲ್ಲವೆ ಬೇಕಾದ ಆಹಾರವನ್ನು ತಡೆದು ಇನ್ನೊಂದು ಹಿಂಸೆ ಮಾಡಬೇಕು. ಕಾಡಿನಲ್ಲಿ, ಕಡಲಿನಲ್ಲಿ ಇರುವವರೆಗೆ ಅದರ ಊಟದ ಹೊಣೆ ನಮ್ಮದಾಗಿರಲಿಲ್ಲ. ಹಣ ಕೊಟ್ಟು ಆ ಹೊಣೆಯನ್ನು ಕೊಂಡೆವು. ಇದಕ್ಕಿಂತ ದಡ್ಡತನದ ಖರೀದಿಯನ್ನು ನಾನು ಕಂಡಿಲ್ಲ.

ಇದೊಂದು ಹುಳು, ಇದಕ್ಕೆ ನೋವೆಲ್ಲಿ ಎಂಬ ಮಾತು ಬರುತ್ತದೆ. ತ್ರಸಜೀವದ ವಿಚಾರದಲ್ಲಿ ನಮಗೆ ಈ ಸಂದೇಹವಿರಕೂಡದು. ಆದರೂ ಶಾಸ್ತ್ರಕ್ಕಿಂತ ಪ್ರಯೋಗಶಾಲೆಯನ್ನು ನಂಬುವವರಿಗಾಗಿ ಹೇಳುತ್ತೇನೆ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್‌ವುಡ್ ಮತ್ತು ಅವರ ಸಹೋದ್ಯೋಗಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಮುದ್ರದ ಸನ್ಯಾಸಿ ಏಡಿಗಳಿಗೆ ಶಂಖದೊಳಗೆ ಸಣ್ಣ ವಿದ್ಯುದಾಘಾತ ಕೊಟ್ಟು ನೋಡಿದರು. ಕೆಲವು ಶಂಖ ಬಿಟ್ಟು ಹೊರಬಂದವು. ಇಷ್ಟವಿಲ್ಲದ ಜಾತಿಯ ಶಂಖದಲ್ಲಿದ್ದವು ಬೇಗ ಬಿಟ್ಟವು, ಇಷ್ಟವಾದ ಶಂಖದಲ್ಲಿದ್ದವು ಹೆಚ್ಚು ತಡೆದುಕೊಂಡವು. ಬಿಡದೆ ಉಳಿದವುಗಳ ಮುಂದೆ ಆಮೇಲೆ ಹೊಸ ಶಂಖವನ್ನಿಟ್ಟಾಗ, ಆಘಾತ ಕಾಣದ ಏಡಿಗಳಿಗಿಂತ ಬೇಗನೆ ಅದನ್ನು ಸಮೀಪಿಸಿದವು. ನೋವನ್ನೂ ಮನೆಯ ಬೆಲೆಯನ್ನೂ ತೂಗಿ ನೋಡುವ ಜೀವಿಯನ್ನು ಯಂತ್ರವೆನ್ನಲು ಬಾರದು. ಪೀಡಿಸಿ ತಿಳಿದುಕೊಂಡ ಈ ಸತ್ಯವನ್ನು ಉದ್ಧರಿಸುವುದು ನನಗೆ ಸಂತೋಷದ ಕೆಲಸವಲ್ಲ. ಎರಡನೆಯ ಬಾರಿ ಪೀಡಿಸಿ ತಿಳಿಯುವ ಅಗತ್ಯ ಬೀಳದಿರಲೆಂದು ಹೇಳಬೇಕಾಯಿತು. ಬ್ರಿಟನ್ ದೇಶವು 2022ರಲ್ಲಿ ಪ್ರಾಣಿಗಳ ಸಂವೇದನೆಯ ಕಾಯಿದೆಯಲ್ಲಿ ಏಡಿ, ಸಿಗಡಿಗಳ ವರ್ಗವನ್ನೂ ಸೇರಿಸಿತು. ಅಮೆರಿಕದ ಒಕ್ಕೂಟ ಸರ್ಕಾರದ ಪ್ರಾಣಿಕಲ್ಯಾಣ ಕಾಯಿದೆಯು ಬಿಸಿರಕ್ತದ ಪ್ರಾಣಿಗಳಿಗಷ್ಟೇ ಅನ್ವಯಿಸುತ್ತದೆ. ಏಡಿಗೆ ಅಲ್ಲಿ ಸ್ಥಾನವಿಲ್ಲ. ನಮ್ಮ ದೇಶದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಲ್ಲಾದರೋ ಮನುಷ್ಯನ ಹೊರತು ಯಾವುದೇ ಜೀವಿಯೂ ಪ್ರಾಣಿಯೇ. ಈ ಒಂದು ವಿಷಯದಲ್ಲಿ ನಾವು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷರು ಇದಕ್ಕೆ ಏಕಾಂತವಾಸಿ ಎಂಬರ್ಥದ ಹೆಸರಿಟ್ಟರು. ನಾವು ಸನ್ಯಾಸಿ ಎಂದು ಕನ್ನಡಿಸಿಕೊಂಡೆವು. ಎರಡೂ ಸಲ್ಲವು. ಜಪಾನೀಯರು ಯಾದೊಕರಿ ಎನ್ನುತ್ತಾರೆ, ಎಂದರೆ ಬಿಡಾರವನ್ನು ಕಡ ಪಡೆದವನು. ಇದು ಹೆಚ್ಚು ಒಪ್ಪುವ ಹೆಸರು. (ಆ ದೇಶದವರು 1970ರಲ್ಲಿಯೇ ನೆಲದ ಯಾದೊಕರಿಗಳನ್ನು ನೈಸರ್ಗಿಕ ಸ್ಮಾರಕವೆಂದು ಘೋಷಿಸಿದರು.) ನೆಲದ ಮೇಲಿನ ಈ ಏಡಿಗಳು ಗುಂಪಿನಲ್ಲಿ ಬಾಳುವಂಥವು. ದೊಡ್ಡ ಶಂಖವೊಂದು ಖಾಲಿ ಸಿಕ್ಕಿದರೆ ಏಡಿಗಳು ಗಾತ್ರದ ಅನುಕ್ರಮದಲ್ಲಿ ಸಾಲಾಗಿ ನಿಂತು, ಮೊದಲನೆಯದು ಹೊಸ ಮನೆಗೆ ಹೋದೊಡನೆ ಎರಡನೆಯದು ಅದರ ಹಳೆಯ ಮನೆಗೆ, ಮೂರನೆಯದು ಎರಡನೆಯದರ ಮನೆಗೆ, ಹೀಗೆ ಕ್ಷಣಮಾತ್ರದಲ್ಲಿ ಬದಲಾಯಿಸಿಕೊಳ್ಳುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಸನ್ಯಾಸಿಯೆಂಬ ಹೆಸರು ಒಂಟಿ ಪಂಜರಕ್ಕೆ ನೆಪವಾಯಿತು, ಅಷ್ಟೆ.

ಇನ್ನು ನಮ್ಮವರೇ ಆಡುವ ಒಂದು ವಾದವಿದೆ. ನನ್ನ ಮುಖ್ಯ ತಕರಾರು ಅದರ ಮೇಲೆಯೇ. ಪಂಜರದ ಏಡಿಯನ್ನು ಕೊಂಡು ಕಡಲಿಗೆ ಬಿಟ್ಟರೆ ಅದು ಅಭಯದಾನವಲ್ಲವೆ ಎಂಬುದು ಆ ವಾದ. ಭಾವ ಶುದ್ಧವಾಗಿದೆ, ಲೆಕ್ಕ ಕೆಟ್ಟಿದೆ. ಕೆರಿಬಿಯನ್ ದಂಡೆಯ ಜೀವಿಗೆ ನ್ಯೂಜೆರ್ಸಿಯ ಚಳಿಗಾಲ ಮೃತ್ಯು. ಪ್ರೌಢ ಏಡಿಯನ್ನು ನೀರಿಗೆ ಎಸೆದರೆ ಅದು ನೆಲದ ಪ್ರಾಣಿಯಾದ್ದರಿಂದ ಮುಳುಗಿಯೂ ಸಾಯುತ್ತದೆ. ಬದುಕುಳಿದರೂ, ಬೇರೆ ಕಡೆಯ ರೋಗವನ್ನು ಅಲ್ಲಿಯ ಜೀವಿಗಳಿಗೆ ಹಂಚೀತು. ಅದಿರಲಿ, ಅಂಗಡಿಯ ಪುಸ್ತಕದಲ್ಲಿ ಏನು ದಾಖಲಾಗುತ್ತದೆ? ಕೊಂಡವನು ಜೈನನೋ ಅಲ್ಲವೋ, ಕರುಣೆಯಿಂದ ಕೊಂಡನೋ ಮೋಜಿಗೆ ಕೊಂಡನೋ ಎಂಬ ಕಲಮು ಯಾವ ಖಾತೆಯಲ್ಲಿಯೂ ಇಲ್ಲ. ಹತ್ತು ಏಡಿ ಮಾರಾಟವಾಯಿತು ಎಂದು ಬರೆಯುತ್ತಾರೆ. ಮುಂದಿನ ವಾರ ಹನ್ನೆರಡು ತರಿಸುತ್ತಾರೆ. ಅಚೌರ್ಯವ್ರತದ ಅತಿಚಾರಗಳಲ್ಲಿ ತದಾಹೃತಾದಾನವೆಂಬುದು ಒಂದು: ಕದ್ದು ತಂದದ್ದನ್ನು ತಾನು ಕೊಳ್ಳುವುದು. ದಂಡೆಯ ಏಡಿಯನ್ನು ಯಾರು ಯಾರಿಗೆ ಕೊಟ್ಟಿದ್ದರು? ಅದರ ಮೈಮೇಲಿನ ಶಂಖವೂ ಅದರದೇ ಸೊತ್ತು. ಬಣ್ಣದ ಶಂಖಕ್ಕೆ ಬದಲಿಸಲು ಹಳೆಯದನ್ನು ಒಡೆದು ಏಡಿಯನ್ನು ಹೊರಗೆಳೆಯುವುದೂ ಈ ವ್ಯಾಪಾರದಲ್ಲಿ ನಡೆದಿದೆ. ಆಯುಷ್ಯದ ವಿಚಾರದಲ್ಲಿ ಕಡಿಮೆ ಹೇಳಿ ಮಾರುವುದು ಹೀನಾಧಿಕಮಾನೋನ್ಮಾನಕ್ಕೆ, ಎಂದರೆ ಕಳ್ಳ ತೂಕಕ್ಕೆ, ಯಾವ ರೀತಿಯಲ್ಲಿ ಕಡಿಮೆ? ವ್ಯತ್ಯಾಸವಿಷ್ಟೆ: ಇಲ್ಲಿ ತೂಕದಲ್ಲಿ ಮೋಸ ಹೋದದ್ದು ಗಿರಾಕಿಯಲ್ಲ, ಸರಕು.

ಮಕ್ಕಳು ಇದರಿಂದ ದಯೆಯನ್ನು ಕಲಿಯುತ್ತಾರೆಂಬ ವಾದಕ್ಕೆ ಹೆಚ್ಚು ಉತ್ತರ ಬೇಡ. ಆರು ತಿಂಗಳಿಗೊಮ್ಮೆ ಸತ್ತದ್ದನ್ನು ಕಸದ ಡಬ್ಬಿಗೆ ಹಾಕಿ ಹೊಸದನ್ನು ತರುವ ಮನೆಯಲ್ಲಿ ಮಗು ಏನನ್ನು ಕಲಿಯುತ್ತದೆಂಬುದು ತಂದೆತಾಯಿಗಳಿಗೆ ತಿಳಿಯದ್ದಲ್ಲ.

ಈಗಾಗಲೇ ಏಡಿಯನ್ನು ತಂದಿಟ್ಟುಕೊಂಡವರು ಅದನ್ನು ಹೊರಗೆ ಬಿಡಬಾರದು, ಇನ್ನೊಬ್ಬರಿಗೆ ಮಾರಬಾರದು. ಕೈಯಲ್ಲಿ ಹಿಡಿದ ಸಾಲದಂತೆ ಕೊನೆಯವರೆಗೆ ತೀರಿಸಬೇಕು. ತಂತಿಯ ಪಂಜರವನ್ನು ತೆಗೆದು ಮುಚ್ಚಳವಿರುವ ಗಾಜಿನ ತೊಟ್ಟಿ ತರಬೇಕು. ದೊಡ್ಡ ಏಡಿಯ ಎತ್ತರದ ಮೂರರಷ್ಟಾದರೂ ಆಳಕ್ಕೆ ತೇವದ ಮರಳನ್ನು ತುಂಬಬೇಕು. ಬಣ್ಣವಿಲ್ಲದ ಖಾಲಿ ಶಂಖಗಳನ್ನು ಬೇರೆ ಬೇರೆ ಗಾತ್ರದಲ್ಲಿ ಇಡಬೇಕು. ಸಿಹಿನೀರು, ಉಪ್ಪುನೀರು ಎರಡನ್ನೂ ಕ್ಲೋರಿನ್ ತೆಗೆದು ಇಡಬೇಕು. ಮರಳಿನೊಳಗೆ ಹೂತುಕೊಂಡದ್ದು ವಾರಗಟ್ಟಲೆ ಮೇಲೆ ಬರದಿದ್ದರೆ ಸತ್ತಿತೆಂದು ಅಗೆದು ನೋಡಬಾರದು. ದೊಡ್ಡ ಏಡಿಗೆ ಎರಡು ತಿಂಗಳಿಗಿಂತ ಹೆಚ್ಚೂ ಹಿಡಿಯಬಹುದು. ಶಂಖದ ಪಕ್ಕದಲ್ಲಿ ಅಲುಗದೆ ಬಿದ್ದಿರುವ ಕಾಲು, ಕೊಂಡಿಗಳು ಹಲವು ಸಲ ಕಳಚಿದ ಪೊರೆ ಮಾತ್ರ. ಒಳಗೆ ಹೊಸ ಮೈಯ ಏಡಿ ಬದುಕಿರುತ್ತದೆ. ಎಷ್ಟೋ ಮನೆಗಳಲ್ಲಿ ಇಂಥವನ್ನು ಜೀವಸಹಿತ ಎಸೆದಿದ್ದಾರೆ. ನಿಜವಾಗಿ ಸತ್ತದ್ದಾದರೆ ಕೊಳೆತ ಮೀನಿನ ವಾಸನೆ ತಾನಾಗಿ ತಿಳಿಸುತ್ತದೆ. ಅದಕ್ಕೂ ಮೊದಲು ಕೈ ಹಾಕಬಾರದು.