ಏಲಿ ಎಂಬ ಉಪಾಧ್ಯಾಯ

ಪಾಸ್ಕ ಕಾಲದ ನಾಲ್ಕನೆಯ ಭಾನುವಾರ ನಮ್ಮ ದೇವಾಲಯಗಳಲ್ಲಿ ದೈವಕರೆಗಾಗಿ ವಿಶೇಷ ಪ್ರಾರ್ಥನೆ ನಡೆಯುತ್ತದೆ. ಪೋಪ್ ಆರನೆಯ ಪೌಲರು 1964ರಲ್ಲಿ ಆರಂಭಿಸಿದ ಪದ್ಧತಿಯಿದು. ಗುರುಗಳೂ ಕನ್ಯಾಸ್ತ್ರೀಯರೂ ಹೆಚ್ಚಲಿ ಎಂದು ಎಲ್ಲರೂ ಬೇಡುತ್ತೇವೆ. ಅವರು ಪಕ್ಕದ ಮನೆಯಿಂದ ಬರಲಿ ಎಂಬ ಒಳಾಸೆಯನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಅಂದು ಪ್ರಸಂಗದಲ್ಲಿ ಬಾಲಕ ಸಮುವೇಲನ ಕಥೆ ಹೇಳುವುದು ವಾಡಿಕೆ. ಕೇಳಿದವರ ಗಮನವೆಲ್ಲ ಸಮುವೇಲನ ಮೇಲೆ. ವೃತ್ತಿಯಿಂದ ಉಪಾಧ್ಯಾಯನಾದ ನನಗೆ ಮುದುಕ ಏಲಿಯೇ ಕಣ್ಣಿಗೆ ಬೀಳುತ್ತಾನೆ. ನಡುರಾತ್ರಿ ಮೂರು ಸಲ ಹುಡುಗ ಓಡಿಬಂದು ಎಬ್ಬಿಸಿದರೂ ಆತ ಗದರಲಿಲ್ಲ. ಕರೆದವನು ತಾನಲ್ಲ, ದೇವರು ಎಂಬುದು ಮೂರನೆಯ ಸಲ ಹೊಳೆಯಿತು. ಹೇಗೆ ಉತ್ತರ ಕೊಡಬೇಕೆಂದು ಹೇಳಿಕೊಟ್ಟು ಕಳುಹಿಸಿದ. ಹುಡುಗನಿಗೆ ಕೇಳಿಸಿದ ಸಂದೇಶವಾದರೋ ಏಲಿಯ ಮನೆತನದ ನಾಶದ್ದು! ಬೆಳಗ್ಗೆ ಅದನ್ನು ಹೇಳಲು ಸಮುವೇಲ ಅಂಜಿದಾಗ, ಏನನ್ನೂ ಮುಚ್ಚಿಡಬೇಡವೆಂದು ಒತ್ತಾಯಿಸಿದವನೂ ಏಲಿಯೇ. ಮಕ್ಕಳನ್ನು ತಿದ್ದಲಾರದ ದುರ್ಬಲ ತಂದೆ ಆತ, ನಿಜ. ಆದರೆ ಆ ರಾತ್ರಿ ಆತ ಒಳ್ಳೆಯ ಗುರು.

ನಾನು ಹಾಗಿರಲಿಲ್ಲ. 1996ರ ಮಳೆಗಾಲದಲ್ಲಿ ಹತ್ತನೆಯ ತರಗತಿಯ ಒಬ್ಬ ಹುಡುಗ, ಗಣಿತದಲ್ಲಿ ಬಹಳ ಚುರುಕು, ಶಾಲೆ ಬಿಟ್ಟ ಮೇಲೆ ನನಗಾಗಿ ಕಾದು ನಿಂತಿದ್ದ. "ಸಾರ್, ಗುರುಮಠಕ್ಕೆ ಸೇರಬೇಕು ಅನ್ನಿಸ್ತಾ ಇದೆ" ಎಂದ. ನಾನು ಕೊಡೆ ಬಿಡಿಸುತ್ತಲೇ, "ಪರೀಕ್ಷೆಯ ಹೆದರಿಕೆಗೆ ಹಾಗೆಲ್ಲ ಅನ್ನಿಸುತ್ತದೆ, ಮೊದಲು ಪಿಯುಸಿ ಸೈನ್ಸ್ ಮುಗಿಸು" ಎಂದು ಹೊರಟುಬಿಟ್ಟೆ. ಅವನು ಇಂಜಿನಿಯರಾದ, ಸುಖವಾಗಿದ್ದಾನೆ. ಅವನು ಗುರುವೇ ಆಗಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಅದನ್ನು ತಿಳಿಯುವಷ್ಟು ಹೊತ್ತು ನಾನು ಕೇಳಿಯೇ ಇರಲಿಲ್ಲ. ಎಷ್ಟೋ ವರ್ಷಗಳ ನಂತರ ಒಂದು ಮದುವೆಯಲ್ಲಿ ಸಿಕ್ಕಾಗ ನಗುತ್ತಲೇ ಅಂದ: "ಲೆಕ್ಕದಲ್ಲಿ ಡೌಟ್ ಕೇಳಿದ್ರೆ ಎರಡೆರಡು ಸಲ ಹೇಳಿಕೊಡ್ತಿದ್ರಿ ಸಾರ್." ಅಷ್ಟೇ. ಊಟ ರುಚಿಸಲಿಲ್ಲ.

ಹಾಗಾದರೆ ಮಕ್ಕಳ ಪ್ರತಿಯೊಂದು ಉತ್ಸಾಹವನ್ನೂ ದೇವರ ಧ್ವನಿಯೆಂದು ಒಪ್ಪಬೇಕೆ? ಖಂಡಿತ ಇಲ್ಲ. ಮದರ್ ತೆರೇಸಾ ಕೋಲ್ಕತ್ತದ ಎಂಟಾಲಿಯ ಸೇಂಟ್ ಮೇರೀಸ್ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಉಪಾಧ್ಯಾಯಿನಿ, ಮುಂದೆ ಮುಖ್ಯೋಪಾಧ್ಯಾಯಿನಿ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್ ರೈಲಿನಲ್ಲಿ, ಬಡವರಲ್ಲಿ ಬಡವರ ನಡುವೆ ಹೋಗಿ ಬಾಳಬೇಕೆಂಬ ಕರೆ ಅವರಿಗೆ ಬಂದಿತು. ಆಗಲೇ ಸನ್ಯಾಸಿನಿಯಾಗಿದ್ದ ಅವರು ಅದನ್ನು ಕರೆಯೊಳಗಿನ ಕರೆ ಎಂದರು. ಮಹಾಧರ್ಮಾಧ್ಯಕ್ಷರು ಕೂಡಲೇ ಒಪ್ಪಲಿಲ್ಲ, ಪರೀಕ್ಷಿಸಿದರು, ಕಾಯಿಸಿದರು. ಶಾಲೆಯನ್ನು ಬಿಟ್ಟು ಹೊರಡಲು 1948ರ ಆಗಸ್ಟ್ ಬರಬೇಕಾಯಿತು. ಆ ವಿಳಂಬ ನನಗೆ ತಪ್ಪೆನಿಸುವುದಿಲ್ಲ. ಕೇಳಿ, ತೂಗಿ, ಕಾಯಿಸುವುದು ಒಂದು. ಕೊಡೆ ಬಿಡಿಸಿಕೊಂಡು ಹೊರಡುವುದು ಇನ್ನೊಂದು.

ದೇವರ ಕರೆಗೆ ಕಿವಿಗೊಡಿರೆಂದು ಎಳೆಯರಿಗೆ ಉಪದೇಶಿಸುವ ನಾವು, ಹಿರಿಯರು, ಆ ಎಳೆಯರ ಬಾಯಿಂದಲೇ ಕರೆಯ ಸುದ್ದಿ ಬಂದಾಗ ಕಿವುಡರಾಗುತ್ತೇವೆ. ಅದು ನಮ್ಮ ಲೆಕ್ಕಾಚಾರಗಳನ್ನು ಕೆಡಿಸುತ್ತದೆಂಬ ಭಯ ನಮಗೆ. ಏಲಿಗೂ ಕೆಡುವಂಥದು ಇತ್ತು, ನಮಗಿಂತ ಹೆಚ್ಚಾಗಿಯೇ.

ನನ್ನ ವಿದ್ಯಾರ್ಥಿಗಳಾಗಿದ್ದವರೇ, ಅಂದು ನಿಮ್ಮಲ್ಲಿ ಇನ್ನು ಯಾರಾದರೂ ಹೀಗೆ ಮಾತು ತೆಗೆದು, ನನ್ನ ಆತುರಕ್ಕೆ ಅರ್ಧದಲ್ಲೇ ನುಂಗಿಕೊಂಡಿದ್ದರೆ, ಈಗಲಾದರೂ ಬಂದು ಪೂರ್ತಿ ಹೇಳಿ. ಮನೆ ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ಮಲಗಿರುತ್ತೇನೆ, ಎಬ್ಬಿಸಿದರೆ ಗದರುವುದಿಲ್ಲ.