ವೀಸಾ ಬೇಡ ಎಂದರೆ ಏನೂ ಬೇಡ ಎಂದಲ್ಲ: ದಿಢೀರ್ ವಿದೇಶ ಪ್ರವಾಸಕ್ಕೆ ಮುನ್ನ ತಿಳಿದಿರಬೇಕಾದದ್ದು

‘ಭಾರತೀಯರಿಗೆ ಈ ದೇಶಗಳಲ್ಲಿ ವೀಸಾ ಬೇಕಿಲ್ಲ! ಪಾಸ್‌ಪೋರ್ಟ್ ಇದ್ದರೆ ಸಾಕು, ಟಿಕೆಟ್ ಬುಕ್ ಮಾಡಿ ಹೊರಟುಬಿಡಿ.’ ಸಾಲುಸಾಲು ರಜೆ ಬಂದಾಗಲೆಲ್ಲ ಇಂಥ ಪಟ್ಟಿಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಒಬ್ಬರೇ ಹೊರಡುವವರಿಗೆ ಇದು ಹೆಚ್ಚು ಆಕರ್ಷಕ. ಯಾರನ್ನೂ ಕೇಳಬೇಕಿಲ್ಲ, ಶುಕ್ರವಾರ ರಾತ್ರಿ ಹೊರಟರೆ ಶನಿವಾರ ಬೆಳಿಗ್ಗೆ ಬ್ಯಾಂಕಾಕ್. ಆದರೆ ಈ ಸಂದೇಶದಲ್ಲಿರುವುದು ಅರ್ಧ ಸತ್ಯ ಮಾತ್ರ. ಉಳಿದರ್ಧ ಏನೆಂದು ನೋಡೋಣ.

ಪಟ್ಟಿಯಲ್ಲಿರುವ ದೇಶಗಳೆಲ್ಲ ಒಂದೇ ಬಗೆಯವೇ?

ಅಲ್ಲ. ಮೂರು ಬಗೆಯ ದೇಶಗಳನ್ನು ಈ ಪಟ್ಟಿಗಳು ಒಂದೇ ಚೀಲಕ್ಕೆ ತುಂಬಿರುತ್ತವೆ. ಮೊದಲನೆಯದು, ನಿಜಕ್ಕೂ ವೀಸಾ ವಿನಾಯಿತಿ ಕೊಡುವ ದೇಶಗಳು. ಎರಡನೆಯದು, ಅಲ್ಲಿ ಇಳಿದ ಮೇಲೆ ವೀಸಾ ಕೊಡುವ ದೇಶಗಳು. ಮಾಲ್ಡೀವ್ಸ್‌ನಲ್ಲಿ ಇದು ಉಚಿತ. ಬಾಲಿ ಇರುವ ಇಂಡೋನೇಷ್ಯಾದಲ್ಲಿ 5 ಲಕ್ಷ ರುಪಿಯಾ ಶುಲ್ಕವಿದೆ. ಮೂರನೆಯದು, ಹೊರಡುವ ಮೊದಲೇ ಆನ್‌ಲೈನ್ ಅನುಮತಿ ಕೇಳುವ ದೇಶಗಳು. ಕೀನ್ಯಾ 2024ರ ಜನವರಿಯಲ್ಲಿ ವೀಸಾ ರದ್ದು ಮಾಡಿತು ನಿಜ. ಆದರೆ ಅದರ ಜಾಗಕ್ಕೆ ‘ಇಟಿಎ’ ಎಂಬ ಪೂರ್ವಾನುಮತಿ ಬಂತು. ಅದಿಲ್ಲದೆ ವಿಮಾನ ಹತ್ತಲಾಗದು.

ಹೆನ್ಲಿ ಪಾಸ್‌ಪೋರ್ಟ್ ಸೂಚ್ಯಂಕದಲ್ಲಿ ನಾವು ಓದುವ ಅಂಕೆಯಲ್ಲೂ ಈ ಮೂರೂ ಬಗೆ ಸೇರಿರುತ್ತವೆ. ಅದನ್ನೇ ‘ಇಷ್ಟು ದೇಶಗಳಿಗೆ ವೀಸಾ ಇಲ್ಲದೆ ಹೋಗಬಹುದು’ ಎಂದು ಹಂಚಿಕೊಳ್ಳುವುದು ತಪ್ಪು.

ಹಳೆಯ ಪಟ್ಟಿ ನಂಬಿದರೆ?

ವೀಸಾ ವಿನಾಯಿತಿ ಶಾಶ್ವತವಲ್ಲ. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ಭಾರತೀಯರಿಗೆ 30 ದಿನಗಳ ವಿನಾಯಿತಿ ಕೊಟ್ಟಿತು. 2024ರ ಜುಲೈನಲ್ಲಿ ಅದನ್ನು 60 ದಿನಕ್ಕೆ ಏರಿಸಿತು. ಏರಿಸಿದವರು ಇಳಿಸಲೂಬಹುದು. ಮಲೇಷ್ಯಾದ 30 ದಿನಗಳ ವಿನಾಯಿತಿಯನ್ನು ವಿಸ್ತರಿಸಿರುವುದು 2026ರ ಡಿಸೆಂಬರ್ 31ರವರೆಗೆ.

ಇರಾನ್‌ನದು ಇನ್ನೂ ಗಂಭೀರ ಉದಾಹರಣೆ. 2024ರ ಫೆಬ್ರವರಿಯಲ್ಲಿ ಭಾರತೀಯರಿಗೆ ಕೊಟ್ಟ ವಿನಾಯಿತಿಯನ್ನು ಅದು 2025ರ ನವೆಂಬರ್ 22ರಿಂದ ಸ್ಥಗಿತಗೊಳಿಸಿತು. ಉದ್ಯೋಗದ ಆಮಿಷವೊಡ್ಡಿ ಕರೆಸಿಕೊಂಡು, ಅಪಹರಿಸಿ, ಹಣಕ್ಕೆ ಬೇಡಿಕೆಯಿಟ್ಟ ಪ್ರಕರಣಗಳೇ ಇದಕ್ಕೆ ಕಾರಣ. 2024ರಲ್ಲಿ ತಯಾರಾದ ಫಾರ್ವರ್ಡ್‌ನಲ್ಲಿ ಇರಾನ್ ಈಗಲೂ ‘ವೀಸಾ ಬೇಡ’ ಎಂದೇ ಇರುತ್ತದೆ.

ಹಾಗಾದರೆ ವೀಸಾ ವಿನಾಯಿತಿ ಎಂದರೇನು?

ವೀಸಾ ಬೇಕಿದ್ದಾಗ ನಮ್ಮ ದಾಖಲೆ, ಹಣ, ಪ್ರವಾಸದ ಉದ್ದೇಶವನ್ನು ಆ ದೇಶದ ರಾಯಭಾರ ಕಚೇರಿ ಮೊದಲೇ ಪರಿಶೀಲಿಸುತ್ತದೆ. ವಿನಾಯಿತಿ ಸಿಕ್ಕಾಗ ಆ ಪರಿಶೀಲನೆ ಮಾಯವಾಗುವುದಿಲ್ಲ, ವಿಮಾನ ನಿಲ್ದಾಣಕ್ಕೆ ವರ್ಗವಾಗುತ್ತದೆ ಅಷ್ಟೇ. ಒಳಗೆ ಬಿಡಬೇಕೋ ಬೇಡವೋ ಎಂದು ನಿರ್ಧರಿಸುವವರು ಅಲ್ಲಿನ ಇಮಿಗ್ರೇಷನ್ ಅಧಿಕಾರಿ.

ಅದಕ್ಕೂ ಮೊದಲ ಪರೀಕ್ಷೆ ನಮ್ಮೂರಲ್ಲೇ, ವಿಮಾನ ಸಂಸ್ಥೆಯ ಚೆಕ್-ಇನ್ ಕೌಂಟರ್‌ನಲ್ಲಿ ನಡೆಯುತ್ತದೆ. ಪ್ರವೇಶ ಸಿಗದ ಪ್ರಯಾಣಿಕರನ್ನು ವಾಪಸ್ ಕರೆತರುವ ಹೊಣೆ ವಿಮಾನ ಸಂಸ್ಥೆಯದ್ದು; ಎಷ್ಟೋ ದೇಶಗಳು ದಂಡವನ್ನೂ ಹಾಕುತ್ತವೆ. ಹಾಗಾಗಿ ಸಿಬ್ಬಂದಿ ‘ಟಿಮ್ಯಾಟಿಕ್’ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ ಆಯಾ ದೇಶದ ನಿಯಮ ನೋಡಿಯೇ ಬೋರ್ಡಿಂಗ್ ಪಾಸ್ ಕೊಡುತ್ತಾರೆ. ‘ನನಗೆ ಬಂದ ಮೆಸೇಜ್‌ನಲ್ಲಿ ಹಾಗಿಲ್ಲವಲ್ಲ’ ಎಂಬ ವಾದ ಅಲ್ಲಿ ನಡೆಯದು.

ಕೊನೆ ಕ್ಷಣದಲ್ಲಿ ಕೈಕೊಡುವುದು ಯಾವುದು?

ಪಾಸ್‌ಪೋರ್ಟ್ ಅವಧಿ: ಇಂಡೋನೇಷ್ಯಾ, ಮಲೇಷ್ಯಾದಂಥ ದೇಶಗಳು ಅಲ್ಲಿಗೆ ತಲುಪುವ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ನಾಲ್ಕು ತಿಂಗಳಲ್ಲಿ ಮುಗಿಯುವ ಪಾಸ್‌ಪೋರ್ಟ್ ಅವರ ಲೆಕ್ಕದಲ್ಲಿ ಮುಗಿದಂತೆಯೇ.

ಮರಳುವ ಟಿಕೆಟ್, ಉಳಿಯುವ ಜಾಗ, ಹಣ: ‘ಹೋಗಿ ನೋಡೋಣ, ವಾಪಸ್ ಟಿಕೆಟ್ ಆಮೇಲೆ’ ಎನ್ನುವವರಿಗೇ ಹೆಚ್ಚು ಪ್ರಶ್ನೆಗಳು ಎದುರಾಗುತ್ತವೆ.

ಡಿಜಿಟಲ್ ಆಗಮನ ಪತ್ರ: ಥಾಯ್ಲೆಂಡ್ 2025ರ ಮೇ 1ರಿಂದ ಇದನ್ನು ಕಡ್ಡಾಯ ಮಾಡಿದೆ. ತಲುಪುವ ಮುಂಚಿನ 3 ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಮಲೇಷ್ಯಾದಲ್ಲೂ ಇಂಥದ್ದೇ ವ್ಯವಸ್ಥೆಯಿದೆ. ಮಾಲ್ಡೀವ್ಸ್‌ಗೆ 96 ಗಂಟೆಯೊಳಗೆ ಪ್ರಯಾಣಿಕರ ಘೋಷಣೆ ಸಲ್ಲಿಸಬೇಕು. ಮೂರೂ ಉಚಿತ. ಹಣ ಕೇಳುವ ಜಾಲತಾಣ ಸಿಕ್ಕಿದರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಲಸಿಕೆ: ಕೀನ್ಯಾದಂಥ ಹಳದಿ ಜ್ವರದ ದೇಶಗಳಿಗೆ ಕೊನೆ ಕ್ಷಣದಲ್ಲಿ ಹೊರಡುವುದು ಕಷ್ಟ. ಲಸಿಕೆ ಪ್ರಮಾಣಪತ್ರ ಮಾನ್ಯವಾಗುವುದೇ ಚುಚ್ಚಿಸಿಕೊಂಡ 10 ದಿನಗಳ ನಂತರ. ಅದಿಲ್ಲದೆ ಅಲ್ಲಿಂದ ಭಾರತಕ್ಕೆ ಮರಳಿದರೆ 6 ದಿನಗಳವರೆಗೆ ಪ್ರತ್ಯೇಕವಾಸಕ್ಕೆ ಕಳಿಸಬಹುದು. ಹಳದಿ ಜ್ವರ ಭಾರತದಲ್ಲಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ, ಅಂದರೆ ಡೆಂಗಿ ತರುವ ಅದೇ ಸೊಳ್ಳೆ, ನಮ್ಮಲ್ಲಿ ಬೇಕಾದಷ್ಟಿದೆ. ಈ ಕಟ್ಟುನಿಟ್ಟಿಗೆ ಅದೇ ಕಾರಣ.

ನೇಪಾಳಕ್ಕೆ ಆಧಾರ್ ಸಾಕೇ?

ಹೆಚ್ಚಿನವರಿಗೆ ಸಾಲದು. ಭಾರತೀಯರು ನೇಪಾಳ, ಭೂತಾನ್‌ಗೆ ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಆಧಾರ್‌ಗೆ ಅವಕಾಶ ಕೊಟ್ಟಿದ್ದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ವೋಟರ್ ಐಡಿ ಮನೆಯಲ್ಲಿಟ್ಟು ಆಧಾರ್ ಹಿಡಿದು ಹೋದ 30ರ ಯುವಕ ಕೌಂಟರ್‌ನಿಂದಲೇ ವಾಪಸ್ ಬರಬೇಕಾಗುತ್ತದೆ.

ಒಬ್ಬರೇ ಹೋಗುವವರಿಗೆ ಹೆಚ್ಚು ಪ್ರಶ್ನೆ ಏಕೆ?

ಅವಮಾನ ಎನಿಸಬಹುದು, ಆದರೆ ಅದರ ಹಿಂದೆ ಕಹಿ ಅನುಭವವಿದೆ. ಕೆಲಸದ ಆಸೆ ತೋರಿಸಿ ಯುವಕರನ್ನು ಪ್ರವಾಸಿಗಳಂತೆ ಕರೆಸಿಕೊಂಡು, ಮ್ಯಾನ್ಮಾರ್-ಥಾಯ್ಲೆಂಡ್ ಗಡಿಯ ಸೈಬರ್ ವಂಚನೆ ಕೇಂದ್ರಗಳಲ್ಲಿ ದುಡಿಸುವ ಜಾಲಗಳಿವೆ. 2025ರ ಮಾರ್ಚ್‌ನಲ್ಲಿ ಅಲ್ಲಿಂದ ಬಿಡುಗಡೆಯಾದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಹಾಗಾಗಿ ‘ಏಕೆ, ಎಲ್ಲಿಗೆ, ಎಷ್ಟು ದಿನ’ ಎಂದು ಕೇಳಿದರೆ ದಾಖಲೆ ತೋರಿಸಿ ಸಮಾಧಾನದಿಂದ ಉತ್ತರಿಸಿ. ‘ವೀಸಾ ಬೇಡ, ಮೊದಲು ಟೂರಿಸ್ಟ್ ಆಗಿ ಬನ್ನಿ, ಕೆಲಸ ಆಮೇಲೆ ಕೊಡುತ್ತೇವೆ’ ಎಂದು ಯಾರಾದರೂ ಕರೆದರೆ ಹೋಗಲೇಬೇಡಿ.

ಕೊನೆಯದಾಗಿ

ಟಿಕೆಟ್‌ಗೆ ಹಣ ಕಟ್ಟುವ ಮೊದಲು ಎರಡು ಕಡೆ ನೋಡಿ: ಆ ದೇಶದ ಇಮಿಗ್ರೇಷನ್ ಅಥವಾ ರಾಯಭಾರ ಕಚೇರಿಯ ಅಧಿಕೃತ ಜಾಲತಾಣ, ಮತ್ತು ನಿಮ್ಮ ವಿಮಾನ ಸಂಸ್ಥೆಯ ಪ್ರಯಾಣ ದಾಖಲೆಗಳ ಪುಟ. ಹತ್ತು ನಿಮಿಷದ ಕೆಲಸ. ಮನೆಯವರಿಗೆ ಟಿಕೆಟ್, ಹೋಟೆಲ್ ವಿವರ ಕಳಿಸಿಡಿ. ದಿನಾಂಕವಿಲ್ಲದ ‘ವೀಸಾ ಬೇಡ’ ಪಟ್ಟಿ ನಿಮಗೂ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಯೋಚಿಸಿ. ಅದನ್ನು ನಂಬಿ ಹೊರಡುವವರು ನಿಮ್ಮ ತಮ್ಮನೋ ತಂಗಿಯೋ ಆಗಿರಬಹುದು.